ಪಟದ ಹಿಂಬದಿಯ ಹೆಸರು

ವಾರಕ್ಕೊಮ್ಮೆಯಾದರೂ ನಮ್ಮೆಲ್ಲರ ಫೋನಿಗೆ ಒಂದು ಹಳೆಯ ಭಾವಚಿತ್ರ ಬಂದು ಬೀಳುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಕಾಗದ, ಬಳ್ಳಿ ಬರೆದ ಪರದೆ, ಪರದೆಯ ಮುಂದೊಂದು ಕುರ್ಚಿ, ಕುರ್ಚಿಯ ತೋಳಿನ ಮೇಲೆ ಕೈಯಿರಿಸಿ ನಿಂತ ಒಬ್ಬ ಹೆಂಗಸು. ಕೆಳಗೆ ‘150 ವರ್ಷಗಳ ಹಿಂದಿನ ಮೈಸೂರು ಸುಂದರಿ’ ಎಂದೋ, ‘ಹಳೆಯ ಕಾಲದ ಮಲಬಾರಿನ ಹೆಣ್ಣು’ ಎಂದೋ ಒಕ್ಕಣೆ. ಹತ್ತಾರು ಮಂದಿ ಕೈಮುಗಿದ ಚಿಹ್ನೆಯನ್ನು ಒತ್ತುತ್ತಾರೆ, ‘ಎಂಥ ಕಳೆ!’ ಎಂದು ಒಬ್ಬರು ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಮತ್ತೊಂದು ಬಳಗಕ್ಕೆ ದಾಟಿಸುತ್ತಾರೆ. ಆಕೆ ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕೆಂದು ತೋರುವುದೂ ಇಲ್ಲ, ಏಕೆಂದರೆ ಒಕ್ಕಣೆ ಆಗಲೇ ಉತ್ತರ ಕೊಟ್ಟುಬಿಟ್ಟಂತಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ಭಾವಚಿತ್ರಗಳಲ್ಲಿ ಎರಡು ಬಗೆಗಳಿವೆ ಎಂಬುದು ನಮ್ಮ ಎಣಿಕೆ. ಒಂದು, ಕುಳಿತವರೇ ಹಣ ಕೊಟ್ಟು ತೆಗೆಸಿಕೊಂಡದ್ದು; ಇನ್ನೊಂದು, ಬೇರೆ ಯಾರೋ ಹಣ ಕೊಟ್ಟು ಅವರನ್ನು ಕೂರಿಸಿ ತೆಗೆಸಿದ್ದು. ಮೊದಲನೆಯದರಲ್ಲಿ ಸಾಮಾನ್ಯವಾಗಿ ಹೆಸರು ಉಳಿಯಿತು. ಎರಡನೆಯದರಲ್ಲಿ ಹೆಸರಿನ ಜಾಗದಲ್ಲಿ ಜಾತಿಯೋ ಕಸುಬೋ ಸೀಮೆಯೋ ಬಂದು ಕುಳಿತಿತು. ಅಂದಿನವರು ಹಾಗೆ ಮಾಡಿದ್ದಕ್ಕೆ ಅಂದಿನ ಕಾರಣಗಳಿದ್ದವು. ಯಾವ ಸರ್ಕಾರದ ಅಪ್ಪಣೆಯೂ ಇಲ್ಲದೆ, ಯಾರ ಸಂಬಳವನ್ನೂ ಪಡೆಯದೆ, ನಾವು ಇಂದು ಅದೇ ಒಕ್ಕಣೆಯನ್ನು ಮತ್ತೆ ಮತ್ತೆ ಬರೆಯುತ್ತಿದ್ದೇವಲ್ಲ, ಅದು ನಮ್ಮನ್ನು ಕಾಡುತ್ತದೆ.

ಮೊದಲು ಯಂತ್ರದ ಕಥೆಯನ್ನು ಸ್ವಲ್ಪ ಹೇಳಬೇಕು; ಹೆಸರು ಕಳೆದುಹೋದದ್ದರಲ್ಲಿ ಅದರ ಪಾಲೂ ಇದೆ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಲೂಯಿ ಡಗೇರನ ವಿಧಾನವನ್ನು ಲೋಕಕ್ಕೆ ತಿಳಿಸಲಾಯಿತು. ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡನ್ನು ಅಯೋಡಿನ್ ಹಬೆಗೆ ಹಿಡಿದು, ಕ್ಯಾಮರಾದೊಳಗಿಟ್ಟು ಬೆಳಕಿಗೊಡ್ಡಿ, ಆಮೇಲೆ ಪಾದರಸದ ಹಬೆಯಲ್ಲಿ ಬಿಂಬವನ್ನು ಎಬ್ಬಿಸುವ ವಿಧಾನವದು. ಆರಂಭದಲ್ಲಿ ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಕಟ್ಟಡಗಳು ಅಲುಗದೆ ನಿಲ್ಲುತ್ತಿದ್ದವು, ಮನುಷ್ಯರು ನಿಲ್ಲುತ್ತಿರಲಿಲ್ಲ. ಮಸೂರವೂ ರಸಾಯನವೂ ಬೇಗನೆ ಸುಧಾರಿಸಿದವು. 1841ರಲ್ಲಿ ರಿಚರ್ಡ್ ಬಿಯರ್ಡ್ ಲಂಡನ್ನಿನಲ್ಲಿ ಭಾವಚಿತ್ರದ ಸ್ಟುಡಿಯೋ ತೆರೆದ. ಆದರೂ ಕುಳಿತವರು ಉಸಿರು ಬಿಗಿಹಿಡಿದೇ ಕೂರಬೇಕಾಗಿತ್ತು. ಬೆನ್ನ ಹಿಂದೆ ಕಬ್ಬಿಣದ ಒಂದು ಕಂಬ, ಅದರ ತುದಿಯಲ್ಲಿ ತಲೆಯನ್ನು ಹಿಡಿದಿಡಲು ಎರಡು ಕವಲು. ಹಳೆಯ ಚಿತ್ರಗಳಲ್ಲಿ ನಿಂತವರ ಕಾಲಿನ ಹಿಂದೆ ಇಣುಕುವ ಮೂರನೆಯ ಪಾದ ಆ ಕಂಬದ್ದೇ. ಮುಖದ ಮೇಲೆ ಭಾವವೇ ಸುಳಿಯದಂತೆ ನೋಡಿಕೊಂಡು ತೆಗೆದ ಚಿತ್ರಕ್ಕೆ ನಮ್ಮ ಹಿರಿಯರು ‘ಭಾವಚಿತ್ರ’ ಎಂದು ಹೆಸರಿಟ್ಟದ್ದು ನಮಗಂತೂ ತಮಾಷೆಯಾಗಿ ಕಾಣುತ್ತದೆ. ‘ಪಟ’ ಎಂಬ ಆಡುಮಾತೇ ವಾಸಿ. ಇಲ್ಲಿ ಎಡಪ್ಪಳ್ಳಿಯ ನೆರೆಹೊರೆಯವರೂ ‘ಪಡಂ’ ಎನ್ನುತ್ತಾರೆ.

ಡಗೇರನ ತಗಡಿಗೆ ಪ್ರತಿ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಇದ್ದದ್ದು ಒಂದೇ ಚಿತ್ರ. ಅದನ್ನು ಕುಳಿತವರು ಚಿಕ್ಕ ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಒಯ್ದರೆ ಚಿತ್ರಗಾರನ ಬಳಿ ಏನೂ ಉಳಿಯುತ್ತಿರಲಿಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಹಚ್ಚುವ ವಿಧಾನವನ್ನು ಪ್ರಕಟಿಸಿದ ಮೇಲೆ ವ್ಯವಹಾರವೇ ಬದಲಾಯಿತು. ಗಾಜಿನ ಮೇಲೆ ಮೂಡುವುದು ನೆಗೆಟಿವ್. ಅದರಿಂದ ಮೊಟ್ಟೆಯ ಬಿಳಿಯ ಲೇಪವಿರುವ ಕಾಗದದ ಮೇಲೆ ಬೇಕಾದಷ್ಟು ಪ್ರತಿಗಳನ್ನು ಮುದ್ರಿಸಬಹುದು. 1854ರಲ್ಲಿ ಪ್ಯಾರಿಸ್ಸಿನ ಡಿಸ್ದೇರಿ ಒಂದೇ ಗಾಜಿನ ಮೇಲೆ ಎಂಟು ಪುಟ್ಟ ಚಿತ್ರಗಳನ್ನು ತೆಗೆದು, ಭೇಟಿಚೀಟಿಯ ಅಳತೆಯ ರಟ್ಟಿಗೆ ಅಂಟಿಸುವ ಪದ್ಧತಿಗೆ ಹಕ್ಕುಪತ್ರ ಪಡೆದ. ಚಿತ್ರ ಅಗ್ಗವಾಯಿತು, ಆಲ್ಬಮ್ಮುಗಳು ಹುಟ್ಟಿದವು. ಆದರೆ ಗಾಜು ಅಂಗಡಿಯಲ್ಲೇ ಉಳಿಯಿತು. ಯಾರ ಮುಖವೋ ಅವರು ಎದ್ದು ಹೋದ ಮೇಲೂ ಆ ಮುಖವನ್ನು ಮಾರಬಹುದಾಯಿತು. ಸಂಸ್ಥಾನಿಕರ ಮುಖವನ್ನು ಹೆಸರು ಸಹಿತ ಮಾರಿದರು. ಅಗಸ, ನೀರು ಹೊರುವವ, ಹಾವಾಡಿಗ, ನರ್ತಕಿ ಇವರನ್ನು ಕಸುಬಿನ ಹೆಸರಿನಿಂದ ಮಾರಿದರು. ಸೀಮೆಗೆ ಹೊರಟ ದೊರೆಗಳು ಗಂಧದ ಪೆಟ್ಟಿಗೆಯ ಜೊತೆಗೆ ಇಂಥ ಒಂದು ಕಟ್ಟನ್ನೂ ಕೊಂಡೊಯ್ಯುತ್ತಿದ್ದರು.

ಈ ವಿದ್ಯೆ ನಮ್ಮ ದೇಶಕ್ಕೆ ಬರಲು ತಡವಾಗಲಿಲ್ಲ. ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತ ಮತ್ತು ಮದರಾಸುಗಳಲ್ಲಿ 1856ರಲ್ಲಿ ಛಾಯಾಗ್ರಾಹಕರ ಸಂಘಗಳು ಹುಟ್ಟಿದವು. ಕನ್ನಡ ನಾಡಿನ ಮೊದಮೊದಲ ಪ್ರಸಿದ್ಧ ಚಿತ್ರಗಳು ಮನುಷ್ಯರವಲ್ಲ, ಕಲ್ಲಿನವು. 1854ರ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಹಳೇಬೀಡು ಬೇಲೂರುಗಳಲ್ಲಿ ತೆಗೆದವು, 1855ರಲ್ಲಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ತೆಗೆದವು, ಅದರ ಆಸುಪಾಸಿನಲ್ಲೇ ಗ್ರೀನ್‌ಲಾ ಹಂಪೆಯಲ್ಲಿ ತೆಗೆದವು. ಅವುಗಳಲ್ಲಿ ಕೆಲವೆಡೆ ಕಂಬದ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನನ್ನು ನಿಲ್ಲಿಸಿದ್ದು ಕಂಬ ಎಷ್ಟೆತ್ತರವೆಂದು ತೋರಿಸುವುದಕ್ಕೆ, ಅಳತೆಗೋಲಾಗಿ. ದೇವಾಲಯದ ಹೆಸರನ್ನು ಅಕ್ಕರೆಯಿಂದ ಬರೆದಿದ್ದಾರೆ.

ಗಾಜಿನ ವಿಧಾನದ ಇನ್ನೊಂದು ಗುಣವನ್ನು ಹೇಳದೆ ಮುಂದೆ ಹೋಗಲಾಗದು. ಹಳೆಯ ಪಟಗಳನ್ನು ನೋಡಿ ನಾವು ಮಾಡುವ ಊಹೆಗಳು ಅನೇಕ ಸಲ ಕೆಡುವುದು ಇಲ್ಲಿಯೇ. ಕೊಲೋಡಿಯನ್ನಿಗೆ ನೀಲಿ ಬೆಳಕಷ್ಟೇ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಮತ್ತು ಹಳದಿಗೆ ಅದು ಬಹುಮಟ್ಟಿಗೆ ಕುರುಡು. ಆದ್ದರಿಂದ ನೀಲಿ ಆಕಾಶ ಬೆಳ್ಳಗೆ ಬಂತು, ಕೆಂಪು ಸೀರೆ ಕಪ್ಪಾಯಿತು, ಕುಂಕುಮ ಮಸಿಯ ಬೊಟ್ಟಾಯಿತು. ಚಿನ್ನದ ಒಡವೆ ಮಂಕಾಯಿತು. ಅರಿಶಿನ ಹಚ್ಚಿದ ಕೆನ್ನೆ ಮನೆಯವರ ಕಣ್ಣಿಗೆ ಹೊಳೆಯುತ್ತಿದ್ದರೂ ಗಾಜಿನ ಕಣ್ಣಿಗೆ ಕಪ್ಪಾಗಿ ಕಂಡಿತು. ನಮ್ಮ ಜನರ ಗೋಧಿಬಣ್ಣವೂ ಎಣ್ಣೆಗೆಂಪೂ ಇದ್ದುದಕ್ಕಿಂತ ದಟ್ಟವಾಗಿ ಮೂಡಿದವು. ಆ ಚಿತ್ರಗಳನ್ನು ಸೀಮೆಯಲ್ಲಿ ನೋಡಿದವರು ಇದು ಈ ಜನರ ನಿಜವಾದ ಬಣ್ಣವೆಂದೇ ತಿಳಿದರು. ಇಲ್ಲಿ ಹಣ ಕೊಟ್ಟು ತೆಗೆಸಿಕೊಂಡವರು ಸುಮ್ಮನಿರಲಿಲ್ಲ. ಮುದ್ರಿಸಿದ ಮೇಲೆ ಬಣ್ಣಗಾರನನ್ನು ಕೂರಿಸಿ ಮುಖವನ್ನು ತಿಳಿಗೊಳಿಸಿ, ಒಡವೆಗೆ ಹೊನ್ನಿನ ಬಣ್ಣ ಬಳಿಸಿದರು. ಹಾಗೆ ತಿದ್ದಿಸುವ ಶಕ್ತಿಯಿಲ್ಲದವರು ಗಾಜು ಕಂಡಂತೆಯೇ ಉಳಿದರು.

ಹೆಸರಿನ ಮಾತಿಗೆ ಬರೋಣ. ಈ ಒಕ್ಕಣೆಯ ರೂಢಿಗೆ ದೊಡ್ಡ ಮುದ್ರೆ ಬಿದ್ದದ್ದು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥಮಾಲೆಯಿಂದ. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ಅದರ ಎಂಟು ಸಂಪುಟಗಳು 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಹೊರಬಂದವು. ಒಳಗೆ ನಾನೂರ ಅರವತ್ತಕ್ಕೂ ಮೀರಿದ ಚಿತ್ರಗಳು. 1857ರ ದಂಗೆಯ ನೆನಪು ಹಸಿಯಾಗಿದ್ದ ಸರ್ಕಾರಕ್ಕೆ ತಾನು ಆಳುವ ಜನ ಎಂಥವರು, ಯಾರು ನಂಬಿಕಸ್ಥರು ಎಂದು ತಿಳಿಯಬೇಕಾಗಿತ್ತು. ಪುಟ ತಿರುವಿದರೆ ಮುಖಗಳ ಕೆಳಗೆ ಹೆಚ್ಚಾಗಿ ಕಾಣುವುದು ಕುಲ, ಕಸುಬು, ಸೀಮೆ. ಪಕ್ಕದಲ್ಲಿ ಆ ಇಡೀ ಕುಲದ ಗುಣಸ್ವಭಾವದ ವರ್ಣನೆ. ಒಬ್ಬನ ಮುಖ ಸಾವಿರಾರು ಮಂದಿಯ ನಡತೆಗೆ ಸಾಕ್ಷಿಯಾಗಿ ನಿಂತಿತು.

1869ರಲ್ಲಿ ಲಂಡನ್ನಿಗೆ ಹೋಗಿದ್ದ ಸೈಯದ್ ಅಹಮದ್ ಖಾನರು ಮಕ್ಕಳೊಡನೆ ಇಂಡಿಯಾ ಆಫೀಸಿನಲ್ಲಿ ಈ ಪುಸ್ತಕವನ್ನು ಕಂಡರು. ಅದನ್ನು ನೋಡುತ್ತಿದ್ದ ಅವರ ಮಗನನ್ನು ಒಬ್ಬ ಆಂಗ್ಲ ತರುಣ, ನೀವು ಹಿಂದೂಸ್ತಾನದವರೇ ಎಂದು ಕೇಳಿದನಂತೆ. ಹುಡುಗ ಹೌದೆಂದು ಹೇಳಿ, ನಾಚಿಕೆಯಿಂದ ಕೆಂಪಾಗಿ, ನಾನು ಇಲ್ಲಿನ ಮೂಲನಿವಾಸಿಗಳ ಪೈಕಿಯವನಲ್ಲ, ನಮ್ಮ ಪೂರ್ವಿಕರು ಹೊರಗಿನಿಂದ ಬಂದವರು ಎಂದು ಆತುರದಿಂದ ಸೇರಿಸಿದನಂತೆ. ಈ ಪ್ರಸಂಗವನ್ನು ಎಲ್ಲರೂ ಪರಕೀಯರ ದರ್ಪಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನಮಗೆ ಹೆಚ್ಚು ಚುಚ್ಚುವುದು ಆ ಹುಡುಗನ ಉತ್ತರ. ಪುಸ್ತಕದಲ್ಲಿದ್ದವರು ಕೇವಲ ಮಾದರಿಗಳೆಂಬುದನ್ನು ಅವನೂ ಒಪ್ಪಿಕೊಂಡಿದ್ದ. ತಾನು ಅವರಲ್ಲೊಬ್ಬನಲ್ಲ ಎಂದಷ್ಟೇ ಅವನ ತಕರಾರು. ಫೋನಿನಲ್ಲಿ ‘ಅಂದಿನ ಕಾಡುಜನ’ ಎಂಬ ಒಕ್ಕಣೆಯ ಚಿತ್ರವನ್ನು ದಾಟಿಸುವ ನಮ್ಮ ವಿದ್ಯಾವಂತ ಬಂಧುಗಳದೂ ಇದೇ ಮನೋಧರ್ಮ.

ಇಂಗ್ಲಿಷ್ ಎಂ.ಎ. ಓದುವಾಗ ಟೆನಿಸನ್ನನ ಪದ್ಯದ ಜೊತೆಗೆ ನಮಗೆ ಸಿಕ್ಕಿದ ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಈಕೆಯ ಬಾಳಿನಲ್ಲಿ ನಮ್ಮ ವಾದದ ಎರಡು ತುದಿಗಳೂ ಇವೆ. 1815ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದವಳು. ನಲವತ್ತೆಂಟರ ವಯಸ್ಸಿನಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಮೊದಲ ಬಾರಿಗೆ ಕ್ಯಾಮರಾ ಹಿಡಿದು, ಟೆನಿಸನ್, ಡಾರ್ವಿನ್, ಹರ್ಷೆಲ್ಲರ ಮುಖಗಳನ್ನು ಇಂದಿಗೂ ಎದೆ ಝಲ್ಲೆನ್ನುವಂತೆ ತೆಗೆದಳು. ಮೇರಿ ಮಾತೆಯ ವೇಷದಲ್ಲಿ ಕೂರಿಸುತ್ತಿದ್ದ ಮನೆಗೆಲಸದ ಹುಡುಗಿಯ ಹೆಸರೂ ನಮಗೆ ಗೊತ್ತು, ಮೇರಿ ಹಿಲ್ಲಿಯರ್. 1875ರಲ್ಲಿ ಕ್ಯಾಮರಾನ್ ದಂಪತಿಗಳು ತಮ್ಮ ಕಾಫಿ ತೋಟಗಳಿದ್ದ ಸಿಂಹಳಕ್ಕೆ ಹೋದರು. ಅಲ್ಲಿಯೂ ಆಕೆ ಚಿತ್ರ ತೆಗೆದಳು, ತಮಿಳು ಕೂಲಿಕಾರರದು, ಊರಿನವರದು. ಮಸೂರ ಅದೇ, ಕಣ್ಣು ಅದೇ, ಮುಖಗಳ ಗಾಂಭೀರ್ಯವೂ ಅದೇ. ಆದರೆ ಕೆಳಗೆ ‘ಕಳುತರದ ರೈತರ ಗುಂಪು’ ಎಂಬಂಥ ಶೀರ್ಷಿಕೆಗಳು. ಆ ಕಾಲದ ಆಕೆಯ ಸಿಂಹಳದ ಚಿತ್ರಗಳಲ್ಲಿ ಹೆಸರುಳ್ಳವಳು ಅತಿಥಿಯಾಗಿ ಬಂದಿದ್ದ ಆಂಗ್ಲ ಚಿತ್ರಕಾರ್ತಿ ಮರಿಯಾನ್ ನಾರ್ತ್. ಕ್ಯಾಮರಾನಳಿಗೆ ಪ್ರೀತಿ ಇರಲಿಲ್ಲವೆಂದು ನಾವು ಹೇಳಲಾರೆವು. ಹೆಸರು ಕೇಳಬೇಕೆಂದು ಆಕೆಗೆ ಹೊಳೆದಿರಲಿಲ್ಲ. ಸಮುದ್ರ ದಾಟಿದಾಗ ಆ ಅಭ್ಯಾಸ ಹಡಗಿನಲ್ಲೇ ಉಳಿದಿತ್ತು.

ಇದೆಲ್ಲ ಬಿಳಿಯರ ಕೆಲಸ, ನಮಗೇನು ಎನ್ನುವವರು ಕೊಚ್ಚಿಗೂ ಮೈಸೂರಿಗೂ ಇರುವ ಒಂದು ನಂಟನ್ನು ನೆನೆಯಬೇಕು. 1901ರಲ್ಲಿ ಭಾರತ ಸರ್ಕಾರ ಜನಾಂಗ ಸಮೀಕ್ಷೆಯೊಂದನ್ನು ಆರಂಭಿಸಿತು. ರಿಸ್ಲೆ ಅದರ ನಿರ್ದೇಶಕ. ಮದರಾಸು ಪ್ರಾಂತದ ಕೆಲಸ ಎಡ್ಗರ್ ಥರ್ಸ್ಟನ್‌ನಿಗೆ ಬಂತು. ಅವನು ಮೂಗಿನ ಅಗಲ, ತಲೆಯ ಉದ್ದಗಳನ್ನು ಇಕ್ಕಳದಿಂದ ಅಳೆದು, ಎದುರಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆಸಿದ. ಕೊಚ್ಚಿ ಸಂಸ್ಥಾನದಲ್ಲಿ ಆ ಹೊಣೆ ಹೊತ್ತವರು ಪಾಲಕ್ಕಾಡಿನ ಎಲ್. ಕೆ. ಅನಂತಕೃಷ್ಣ ಅಯ್ಯರ್. ಅವರ ‘ಕೊಚ್ಚಿನ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಗ್ರಂಥದ ಎರಡು ಸಂಪುಟಗಳು 1909 ಮತ್ತು 1912ರಲ್ಲಿ ಚಿತ್ರಗಳ ಸಮೇತ ಪ್ರಕಟವಾದವು. ಮೈಸೂರಿನಲ್ಲಿ ಅದೇ ಹೊಣೆ ಎಚ್. ವಿ. ನಂಜುಂಡಯ್ಯನವರದು. 1915ರಲ್ಲಿ ನಡೆದ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು, ಅವರೇ. ಅವರ ನಂತರ ಆ ಕೆಲಸವನ್ನು ಮುಗಿಸಿಕೊಡಲು ಮೈಸೂರು ಕರೆಸಿಕೊಂಡದ್ದು ನಮ್ಮ ಈ ಕೊಚ್ಚಿಯ ಅಯ್ಯರರನ್ನು. ಇಬ್ಬರ ಹೆಸರನ್ನೂ ಹೊತ್ತ ‘ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ನ ನಾಲ್ಕು ಸಂಪುಟಗಳು 1928ರಿಂದ ಮೊದಲಾಗಿ 1930ರ ದಶಕದವರೆಗೆ ಬಂದವು.

ಇಬ್ಬರೂ ದೊಡ್ಡ ವಿದ್ವಾಂಸರು. ಅವರು ಬರೆದಿಡದಿದ್ದರೆ ಎಷ್ಟೋ ಆಚಾರ, ಹಾಡು, ಹಬ್ಬ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಚಿತ್ರಪುಟಗಳ ಪದ್ಧತಿ ಥರ್ಸ್ಟನ್ನನದೇ. ನಮ್ಮವರೇ ನಮ್ಮವರನ್ನು ಕೂರಿಸಿದಾಗಲೂ ಮುಖದ ಕೆಳಗೆ ಬಂದದ್ದು ಜಾತಿಯ ಹೆಸರು. ಬರೆದವನಿಗೂ ಕುಳಿತವನಿಗೂ ಒಂದೇ ಭಾಷೆ ಬರುತ್ತಿದ್ದಾಗ ಹೆಸರು ಕೇಳುವುದು ಎಷ್ಟು ಸುಲಭವಾಗಿತ್ತು! ಸರ್ಕಾರಿ ನೌಕರರಾದ ನಮಗೆ ಇಲ್ಲೊಂದು ಅಡ್ಡಮಾತು ಹೇಳಬೇಕೆನಿಸುತ್ತದೆ. ಎದುರು ನೋಟ, ಪಕ್ಕ ನೋಟ, ಬರಿಯ ಹಿನ್ನೆಲೆ ಎಂಬ ಕ್ರಮವನ್ನು 1880ರ ದಶಕದಲ್ಲಿ ಪ್ಯಾರಿಸ್ಸಿನ ಪೊಲೀಸ್ ಇಲಾಖೆಯ ಬರ್ಟಿಲಾನ್ ಕಳ್ಳಕಾಕರಿಗಾಗಿ ಕಟ್ಟುನಿಟ್ಟುಗೊಳಿಸಿದ. ನಮ್ಮ ಸೇವಾಪುಸ್ತಕದ ಮೊದಲ ಪುಟದಲ್ಲಿ, ಗುರುತಿನ ಚೀಟಿಯಲ್ಲಿ ಅಂಟಿರುವ ಆ ಪೆಚ್ಚುಮೋರೆಯ ಪಟ ಅದರ ದೂರದ ಸಂತಾನ. ಅದರಷ್ಟು ಕುರೂಪಿ ಚಿತ್ರ ಇನ್ನೊಂದಿಲ್ಲ. ಆದರೂ ಅದರ ಕೆಳಗೆ ಹೆಸರಿದೆ, ಹುಟ್ಟಿದ ದಿನವಿದೆ. ಥರ್ಸ್ಟನ್ನನ ಮುಂದೆ ಕುಳಿತವರಿಗೆ ಅಷ್ಟೂ ಸಿಗಲಿಲ್ಲ.

ನಾವೀಗ ಇರುವ ನಾಡಿನ ಮಟ್ಟಿಗೆ ಈ ಮಾತು ಇನ್ನೂ ಸೂಕ್ಷ್ಮವಾದದ್ದು. ತಿರುವಾಂಕೂರಿನ ದಕ್ಷಿಣ ಭಾಗದಲ್ಲಿ ನಾಡಾರ್ ಹೆಂಗಸರು ಮೇಲುಡೆ ತೊಡುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದು ಹೋರಾಡಿದರು. 1859ರಲ್ಲಿ ಮಹಾರಾಜರ ಘೋಷಣೆ ಬಂದು, ಅವರು ಎದೆ ಮುಚ್ಚಿಕೊಳ್ಳುವುದಕ್ಕೆ ಅಪ್ಪಣೆಯಾಯಿತು, ಅದೂ ಮೇಲ್ಜಾತಿಯ ಹೆಂಗಸರಂತೆ ಅಲ್ಲ ಎಂಬ ಕಟ್ಟಳೆಯೊಡನೆ. ಕ್ಯಾಮರಾ ದಕ್ಷಿಣಕ್ಕೆ ಬಂದದ್ದೂ ಅದೇ ವರ್ಷಗಳಲ್ಲಿ. ಮೇಲುಡೆಯಿಲ್ಲದ ಮಲಬಾರಿನ ಹೆಂಗಸರ ಚಿತ್ರಗಳಿಗೆ ಹೊರಗಿನ ಗಿರಾಕಿಗಳಿದ್ದರು. ಚಿತ್ರದಲ್ಲಿರುವಾಕೆ ಮನೆಯಲ್ಲಿದ್ದ ಹಾಗೆಯೇ ಬಂದು ನಿಂತಳೋ, ಹಾಗೆ ನಿಲ್ಲೆಂದು ಯಾರಾದರೂ ಹೇಳಿದರೋ, ಆಕೆಯ ಮನೆಯವರಲ್ಲಿ ಯಾರಾದರೂ ಆ ಹೋರಾಟದಲ್ಲಿದ್ದರೋ, ಚಿತ್ರ ಹೇಳುವುದಿಲ್ಲ. ಹೇಳಬಹುದಾಗಿದ್ದವಳ ಹೆಸರೇ ಇಲ್ಲ. ಆ ಚಿತ್ರಕ್ಕೆ ನಾವು ‘ಅಂದಿನ ಮುಗ್ಧತೆ’ ಎಂದು ಬರೆದು ದಾಟಿಸುವಾಗ ಯಾವ ಗಿರಾಕಿಯ ಸ್ಥಾನದಲ್ಲಿ ನಿಂತಿದ್ದೇವೆಂದು ಸ್ವಲ್ಪ ಯೋಚಿಸಬೇಕು.

ಕುಂಚವೂ ಈ ರೂಢಿಯಿಂದ ತಪ್ಪಿಸಿಕೊಳ್ಳಲಿಲ್ಲ. ಫೋಟೋಗಳನ್ನು ಮುಂದಿಟ್ಟುಕೊಂಡೂ ಭಾವಚಿತ್ರ ಬರೆಯುತ್ತಿದ್ದ ಕಿಳಿಮಾನೂರಿನ ರವಿವರ್ಮ 1893ರ ಶಿಕಾಗೋ ವಸ್ತುಪ್ರದರ್ಶನಕ್ಕೆ ಹತ್ತು ಚಿತ್ರಗಳನ್ನು ಕಳುಹಿಸಿದ, ದೇಶದ ಬೇರೆಬೇರೆ ಸಮುದಾಯಗಳ ಸ್ತ್ರೀಯರದು. ಅಲ್ಲಿಯೂ ಸೀಮೆ, ಸಮುದಾಯ, ಸೊಬಗು.

ಹಾಗಾದರೆ ಹೆಸರೊಂದಿದ್ದರೆ ಎಲ್ಲವೂ ಸರಿಹೋಯಿತೇ? ಇಲ್ಲ. ಕೊಡಗಿನ ಗೌರಮ್ಮನ ಕಥೆ ನಮ್ಮ ವಾದವನ್ನೇ ಅಡ್ಡಗಟ್ಟಿ ನಿಲ್ಲುತ್ತದೆ. 1834ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರನ ಮಗಳೀಕೆ. ಅರಮನೆಯಲ್ಲಿ ಕನ್ನಡ ನಡೆಯುತ್ತಿದ್ದ ಹಾಲೇರಿ ವಂಶದವಳು. ತಂದೆಯ ಗಡೀಪಾರಿನ ಕಾಲದಲ್ಲಿ, 1841ರಲ್ಲಿ, ಕಾಶಿಯಲ್ಲಿ ಹುಟ್ಟಿದವಳು. ಮಾಸ್ತಿಯವರ ಕಾದಂಬರಿಯಿಂದ ತಂದೆಯನ್ನು ನಾವೆಲ್ಲ ಬಲ್ಲೆವು, ಮಗಳನ್ನು ಅಷ್ಟಾಗಿ ಬಲ್ಲೆವಲ್ಲ. ಕಂಪನಿಯಲ್ಲಿ ಸಿಕ್ಕಿಬಿದ್ದಿದ್ದ ತನ್ನ ಹಣವನ್ನು ಕೇಳಲು 1852ರಲ್ಲಿ ಲಂಡನ್ನಿಗೆ ಹೋದ ರಾಜ ಹನ್ನೊಂದರ ಈ ಹುಡುಗಿಯನ್ನೂ ಕರೆದೊಯ್ದ. ಅದೇ ವರ್ಷ ಆಕೆಗೆ ಕ್ರೈಸ್ತದೀಕ್ಷೆಯಾಯಿತು. ರಾಣಿ ವಿಕ್ಟೋರಿಯಾ ಸ್ವತಃ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಅದೇ ವರ್ಷ ವಿಂಟರ್‌ಹಾಲ್ಟರ್ ಆಕೆಯನ್ನು ಒಡವೆ ವಸ್ತ್ರಗಳಲ್ಲಿ, ಕೈಯಲ್ಲಿ ಬೈಬಲ್ ಹಿಡಿಸಿ ಚಿತ್ರಿಸಿದ. 1854ರಲ್ಲಿ, ರಾಜಮನೆತನದವರ ಚಿತ್ರಗಳನ್ನು ತೆಗೆಯುತ್ತಿದ್ದ ರೋಜರ್ ಫೆಂಟನ್ ಆಕೆಯ ಫೋಟೋ ತೆಗೆದ. ಮರು ವರ್ಷ ಕ್ರಿಮಿಯಾದ ಯುದ್ಧಭೂಮಿಗೆ ಹೋಗಿ ಹೆಸರುವಾಸಿಯಾದ ಫೆಂಟನ್ ಈತನೇ. ನಮ್ಮ ನಾಡಿಗೆ ಸೇರಿದವರ ಫೋಟೋಗಳಲ್ಲಿ ಅಷ್ಟು ಹಳೆಯವು ತೀರ ವಿರಳ. ಅಮೃತಶಿಲೆಯಲ್ಲಿ ಆಕೆಯ ಪ್ರತಿಮೆಯನ್ನು ಮಾರೋಕೆಟ್ಟಿ ಕಡೆದ.

ಇಷ್ಟು ಸಲ ಚಿತ್ರಿತಳಾದ ಕನ್ನಡದ ಮನೆಮಗಳು ಆ ಶತಮಾನದಲ್ಲಿ ಇನ್ನೊಬ್ಬಳಿರಲಾರಳು. ಹೆಸರಿಗೂ ಕೊರತೆಯಿಲ್ಲ, ಎಲ್ಲ ಪಟ್ಟಿಗಳಲ್ಲೂ ಇದೆ, ‘ಕೊಡಗಿನ ರಾಜಕುಮಾರಿ’ ಎಂಬ ಬಿರುದಿನ ಸಹಿತ. ಆದರೆ ಆ ಬಿರುದು ಹೇಳುವ ಕೊಡಗನ್ನು ಆಕೆಯಿಂದ ಕಿತ್ತುಕೊಂಡವರೇ ಬಿರುದನ್ನು ಬರೆದರು. ಉಡುಪು, ನಿಲುವು, ಕೈಯಲ್ಲಿನ ಪುಸ್ತಕ, ಹೆಸರಿನ ಮೊದಲ ಭಾಗ, ಎಲ್ಲವನ್ನೂ ನಿಶ್ಚಯಿಸಿದವರು ಬೇರೆಯವರು. ತಂದೆಯನ್ನು ಕಾಣುವುದಕ್ಕೂ ಅಂಕೆಯಿತ್ತು. ಪಂಜಾಬಿನ ದುಲೀಪ್ ಸಿಂಗನಿಗೆ ಆಕೆಯನ್ನು ಮದುವೆ ಮಾಡಿಸುವ ಯೋಚನೆ ನಡೆದು ಮುರಿಯಿತು. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು, ಒಂದು ಮಗುವಾಯಿತು, 1864ರಲ್ಲಿ ತೀರಿಕೊಂಡಳು, ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಸಿ. ಪಿ. ಬೆಳ್ಳಿಯಪ್ಪನವರು ಆಕೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಓದಿದವರಿಗೆ ಆ ಚಿತ್ರಗಳನ್ನು ಮತ್ತೆ ಮೊದಲಿನಂತೆ ನೋಡಲು ಆಗುವುದಿಲ್ಲ.

ಇದರಿಂದ ನಮಗೆ ಒಂದು ತಿದ್ದುಪಡಿ ಸಿಗುತ್ತದೆ. ಹೆಸರು ಸಾಲದು, ಆದರೆ ಹೆಸರಿಲ್ಲದೆ ಮುಂದಿನದು ಯಾವುದೂ ಆರಂಭವಾಗುವುದಿಲ್ಲ. ಗೌರಮ್ಮ ಎಂಬ ಮೂರಕ್ಷರ ಇದ್ದುದರಿಂದಲೇ ಒಬ್ಬ ಲೇಖಕರಿಗೆ ಆಕೆಯ ಕಾಗದಪತ್ರಗಳನ್ನು ಹುಡುಕಲು ಸಾಧ್ಯವಾಯಿತು, ಆಕೆಯ ಪರವಾಗಿ ತಕರಾರು ಎತ್ತಲು ಸಾಧ್ಯವಾಯಿತು. ‘ಮೈಸೂರು ಸುಂದರಿ’ಯ ಪರವಾಗಿ ಯಾರು ಯಾವ ಕಡತವನ್ನು ತೆರೆಯಬೇಕು?

ಹೆಸರಿಲ್ಲದ ಚಿತ್ರಗಳನ್ನು ನೋಡಲೇಬಾರದೇ, ಅವುಗಳನ್ನು ಮುಚ್ಚಿಡಬೇಕೇ ಎಂದು ಕೇಳುವವರಿದ್ದಾರೆ. ಹಾಗೆ ನಾವು ಹೇಳುತ್ತಿಲ್ಲ. ಅಗಸನದು, ಬುಟ್ಟಿ ಹೆಣೆಯುವವಳದು ಬೇರೆ ಯಾವ ಚಿತ್ರವೂ ಉಳಿದಿಲ್ಲದಿರುವಾಗ ಇರುವ ಒಂದನ್ನೂ ಮುಚ್ಚಿಟ್ಟರೆ ಅವರಿಗೆ ಎರಡನೆಯ ಸಲ ಅನ್ಯಾಯವಾಗುತ್ತದೆ. ಎಷ್ಟೋ ಚಿತ್ರಗಳಲ್ಲಿ ಕುಳಿತವರ ಕಣ್ಣು ಒಕ್ಕಣೆಗೆ ಬಗ್ಗದೆ ನೇರವಾಗಿ ನಮ್ಮನ್ನು ನೋಡುತ್ತದೆ. ಮಾಡಬೇಕಾದದ್ದು ಇಷ್ಟು: ಗೊತ್ತಿಲ್ಲದಿದ್ದರೆ ‘ಹೆಸರು ದಾಖಲಾಗಿಲ್ಲ’ ಎಂದು ಬರೆಯಿರಿ. ತೆಗೆದವನು, ಊರು, ವರ್ಷ ತಿಳಿದಿದ್ದರೆ ಅದನ್ನು ಸೇರಿಸಿ. ಸುಂದರಿ, ಮುಗ್ಧೆ, ಕಾಡುಜನ ಎಂಬ ಮಾತುಗಳನ್ನು ಕೈಬಿಡಿ. ತಿರುವಾಂಕೂರು ಸರ್ಕಾರದ ಛಾಯಾಗ್ರಾಹಕನಾಗಿದ್ದ ಜಕರಿಯಾ ಡಿಕ್ರೂಜನ ಹೆಸರು ಅವನ ಚಿತ್ರಗಳೊಡನೆ ಇಂದಿಗೂ ನಡೆದು ಬಂದಿದೆ. ತೆಗೆದವನಿಗೆ ಸಲ್ಲುವ ಮರ್ಯಾದೆಯಲ್ಲಿ ಅರ್ಧವಾದರೂ ತೆಗೆಸಿಕೊಂಡವರಿಗೆ ಸಲ್ಲಲಿ.

ಪರರ ಆಲ್ಬಮ್ಮಿನ ಮಾತು ಸಾಕು, ನಮ್ಮ ಗೋಡೆಗಳನ್ನು ನೋಡೋಣ. ನಡುಮನೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ ಪಟದಲ್ಲಿ ಮಧ್ಯದಲ್ಲಿ ಪೇಟದ ಹಿರಿಯರು, ಅವರ ಹೆಸರು, ಹೆಸರಿನ ಮುಂದೆ ಪದವಿ, ಹುದ್ದೆ. ಪಕ್ಕದ ಹೆಂಗಸು? ‘ಅಜ್ಜನ ಮೊದಲ ಹೆಂಡತಿ.’ ಹಿಂದೆ ನಿಂತವಳು? ‘ಅದು ಯಾರೋ, ವಿಧವೆಯಾಗಿ ಮನೆಯಲ್ಲೇ ಇದ್ದ ಅತ್ತೆ.’ ಕಾಲ ಬಳಿ ಕುಳಿತ ಕೆಲಸದ ಹುಡುಗ? ಉತ್ತರವೇ ಇಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಹೆದರಿ ಬದುಕಿರುವವರೆಗೂ ತೆಗೆಸದೆ, ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ ತೆಗೆದ ಒಂದೇ ಪಟವುಳ್ಳ ಅಜ್ಜಿಯರೂ ನಮ್ಮ ಮನೆತನಗಳಲ್ಲಿದ್ದಾರೆ. ಮದುವೆಯಲ್ಲಿ ತವರಿನ ಹೆಸರನ್ನು ಬದಲಿಸುವ ಪದ್ಧತಿಯಿದ್ದ ಮನೆಗಳಲ್ಲಿ ಆಕೆಯ ಯಾವ ಹೆಸರನ್ನು ಬರೆಯಬೇಕೆಂಬುದೂ ತಿಳಿಯದು. ಥರ್ಸ್ಟನ್ನನನ್ನು ಬೈಯುವ ನಮ್ಮ ಮನೆಯೊಳಗೇ ಅವನ ಪಟ್ಟಿ ತೂಗುತ್ತಿದೆ. ಜಾತಿಯ ಜಾಗದಲ್ಲಿ ನಂಟಸ್ತಿಕೆ ಬಂದಿದೆ, ಅಷ್ಟೆ.

ಊರು ಬಿಟ್ಟು ಬಂದ ನಮಗೆ ಕಾಲ ಇನ್ನೂ ಕಡಿಮೆ. ಊರಿನಲ್ಲಿದ್ದರೆ ಹಬ್ಬಕ್ಕೆ ಬಂದ ದೊಡ್ಡಮ್ಮ ಪಟದ ಮುಂದೆ ನಿಂತು ‘ಇವಳು ನಮ್ಮ ಸೋದರತ್ತೆ’ ಎಂದು ಹೇಳಿಯಾಳು. ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಪೆಟ್ಟಿಗೆಗಳ ಜೊತೆ ತಿರುಗುವ ನಮ್ಮ ಪಟಗಳಿಗೆ ಅಂಥ ಸಾಕ್ಷಿಯಿಲ್ಲ. ಇಲ್ಲಿನ ಗಾಳಿಯೂ ಅವುಗಳಿಗೆ ಶತ್ರು. ಜೂನ್ ತಿಂಗಳು ಬಂತೆಂದರೆ ಕೊಚ್ಚಿಯಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಮೊಟ್ಟೆಯ ಬಿಳಿಯ ಲೇಪದ ಕಾಗದ ಯಾವ ಲೆಕ್ಕ? ತೇವಕ್ಕೆ ಚಿತ್ರ ಉಬ್ಬಿ ಚೌಕಟ್ಟಿನ ಗಾಜಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಮುಖ ಗಾಜಿನ ಮೇಲೇ ಉಳಿದುಬಿಡುತ್ತದೆ. ಗಾಜಿನ ಸಮೇತ ಫೋನಿನಲ್ಲಿ ಪ್ರತಿ ತೆಗೆದುಕೊಳ್ಳಿ. ಬಿಡಿ ಪಟವಾದರೆ ಶುಚಿಯಾದ ಗಟ್ಟಿ ಮೇಜಿನ ಮೇಲೆ ಬೋರಲು ಹಾಕಿ, ಹಿಂಬದಿಯ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್ ಪೆನ್ನು ಬೇಡ. ಒತ್ತಿದ ಗೆರೆ ಮುಂಬದಿಯ ಹಣೆಯ ಮೇಲೆ ಎದ್ದು ಕಾಣುತ್ತದೆ, ಶಾಯಿ ತೇವಕ್ಕೆ ಇಳಿಯುತ್ತದೆ. ಎಡದಿಂದ ಬಲಕ್ಕೆ ಎಲ್ಲರ ಹೆಸರು, ಹೆಂಗಸರದು ತವರಿನ ಹೆಸರೂ ಸೇರಿ, ಊರು, ವರ್ಷ. ವರ್ಷ ಸರಿಯಾಗಿ ತಿಳಿಯದಿದ್ದರೆ ‘ಸುಮಾರು’ ಎಂದು ಸೇರಿಸಿ. ಹೇಳಿದವರು ಯಾರು ಎಂಬುದನ್ನೂ ಬರೆಯಿರಿ.

ಯಾವ ಲಿಪಿಯಲ್ಲಿ ಬರೆಯಬೇಕೆಂಬುದು ನಮ್ಮ ಬಳಗದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕನ್ನಡದಲ್ಲಿ ಬರೆದರೆ ಇಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಅನೇಕರು ಓದಲಾರರು. ಮಲಯಾಳವೂ ಇಂಗ್ಲಿಷೂ ಅವರಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ನಾಗಮ್ಮನೂ ನಾಗಮ್ಮಣ್ಣಿಯೂ ತೊದಲುತ್ತಾರೆ. ಸದ್ಯಕ್ಕೆ ಕನ್ನಡದಲ್ಲಿ ಒಂದು ಸಾಲು, ಅದರ ಕೆಳಗೆ ಮಕ್ಕಳ ಕೈಯಿಂದಲೇ ಮಲಯಾಳದಲ್ಲಿ ಒಂದು ಸಾಲು ಎಂದು ನಮ್ಮಲ್ಲಿ ಕೆಲವರು ಆರಂಭಿಸಿದ್ದೇವೆ. ಬರೆಯುವ ಮೊದಲು ಮಕ್ಕಳು ಆ ಹೆಸರನ್ನು ಎರಡು ಸಲವಾದರೂ ಕೂಗಿ ಕೇಳುತ್ತಾರೆ, ದೀರ್ಘವೋ ಹ್ರಸ್ವವೋ ಎಂದು.